ನೀವು ಈಚೆಗೆ ಏನು ಓದಿದಿರಿ?

ವೃತ್ತಿಯಿಂದ ನಾನು ಕನ್ನಡ ಅಧ್ಯಾಪಕ. ಪುಸ್ತಕ ಓದುವುದೇ ಈತನ ಕಸುಬು ಎಂದು ನೆರೆಹೊರೆಯವರೆಲ್ಲ ನಂಬಿದ್ದಾರೆ. ಕಳೆದ ಆಟಿ ತಿಂಗಳ ಒಂದು ಸಂಜೆಯವರೆಗೆ ನಾನೂ ಹಾಗೆಯೇ ನಂಬಿದ್ದೆ.

ಮಂಗಳೂರಿನ ಬೋಳಾರವನ್ನು ಕಾಣದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಮಂಗಳಾದೇವಿಯ ಗುಡಿಯಿಂದ ನೇತ್ರಾವತಿಯ ದಡದತ್ತ ಇಳಿಯುವ ಭಾಗವಿದು. ಬಾಸೆಲ್ ಮಿಶನ್ನಿನವರು ನೆರೆಯ ಜೆಪ್ಪುವಿನಲ್ಲಿ ೧೮೬೫ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ನದೀತೀರದ ಉದ್ದಕ್ಕೂ ಅಂಥ ಕಾರ್ಖಾನೆಗಳು ಎದ್ದುವು. ಮಂಗಳೂರು ಹಂಚು ಜಗತ್ತಿಗೇ ಹೆಸರಾಯಿತು. ಇಂದು ಆ ಹೊಗೆಗೊಳವೆಗಳ ಕಾಲ ಮುಗಿದಿದೆ. ಎತ್ತರದ ವಸತಿ ಕಟ್ಟಡಗಳ ನಡುವೆ ಹಂಚಿನ ಮಾಡಿನ ಹಳೆಯ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅಂಥ ಮನೆಗಳಿಗೆ ಜಗಲಿಗಳಿವೆ. ಜಗಲಿಗಳಿರುವಲ್ಲಿ ಮಾತು ಇದ್ದೇ ಇರುತ್ತದಷ್ಟೆ.

ನಮ್ಮ ಎದುರುಮನೆಯ ಹಿರಿಯರು ಬ್ಯಾಂಕೊಂದರಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಬೀದಿಗೆಲ್ಲ ಅವರು 'ರಾಯರು'. ಅಂದು ಸಂಜೆ ಜಡಿಮಳೆ. ಕಾಲೇಜಿನಿಂದ ಬಂದವನು ಕೊಡೆ ಮಡಚುತ್ತ ಅವರ ಜಗಲಿಯ ಅಂಚಿನಲ್ಲಿ ನಿಂತಿದ್ದೆ.

"ಮಾಷ್ಟ್ರೇ, ನೀವು ಈಚೆಗೆ ಏನು ಓದಿದಿರಿ? ನಮಗೂ ಒಂದು ಹೇಳಿ ಮಾರಾಯ್ರೆ. ಈ ಮಳೆಗೆ ಹೊತ್ತೇ ಹೋಗುವುದಿಲ್ಲ," ಎಂದರು ರಾಯರು.

ಪ್ರಶ್ನೆ ಅತಿ ಸಾಮಾನ್ಯವಾದುದು. "ಕಾಫಿ ಆಯಿತೆ?" ಎಂಬಷ್ಟೇ ನಿರಪಾಯವಾದುದು. ಆದರೆ ನನ್ನ ಬಾಯಿ ಕಟ್ಟಿಹೋಯಿತು. ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ಪಠ್ಯವಾಗಿದ್ದ ಕಾವ್ಯಭಾಗವನ್ನು ಆರನೆಯ ವರ್ಷ ಪಾಠ ಮಾಡಿದ್ದೆ. ಉತ್ತರಪತ್ರಿಕೆಗಳನ್ನು ಕಟ್ಟುಕಟ್ಟಾಗಿ ಓದಿದ್ದೆ. ವಿಚಾರಗೋಷ್ಠಿಯೊಂದರಲ್ಲಿ ಪ್ರಬಂಧ ಮಂಡಿಸುವ ಸಲುವಾಗಿ ಐದಾರು ಗ್ರಂಥಗಳ ಮುನ್ನುಡಿಗಳನ್ನು ತಿರುವಿಹಾಕಿದ್ದೆ. ರಾತ್ರಿ ಮಲಗುವ ಮುನ್ನ ಮೊಬೈಲಿನ ಗಾಜಿನ ಮೇಲೆ ಗಂಟೆಗಟ್ಟಲೆ ಹೆಬ್ಬೆರಳಾಡಿಸಿದ್ದೆ. ಆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಬೇರಾವ ಉದ್ದೇಶವೂ ಇಲ್ಲದೆ, ಒಂದೇ ಒಂದು ಪುಸ್ತಕವನ್ನು ಓದಿ ಮುಗಿಸಿ ವರ್ಷವೇ ಕಳೆದಿತ್ತು!

ಕನ್ನಡ ಎಂ.ಎ. ಮಾಡಿದವನು ಅದನ್ನು ಜಗಲಿಯ ಮೇಲೆ ನಿಂತು ಒಪ್ಪಿಕೊಳ್ಳುವುದುಂಟೆ? ಬಾಯಿಗೆ ಬಂದ ಹೆಸರನ್ನು ಹೇಳಿಬಿಟ್ಟೆ: "ಕಾರಂತರ 'ಬೆಟ್ಟದ ಜೀವ' ಓದಿ ರಾಯರೇ. ನಮ್ಮ ಸುಬ್ರಹ್ಮಣ್ಯದ ಕಡೆಯ ಕಾಡು, ಹುಲಿ, ಅಡಿಕೆ ತೋಟ. ಮಳೆಗಾಲಕ್ಕೆ ಹೇಳಿ ಮಾಡಿಸಿದ ಪುಸ್ತಕ. ಈಗಲೇ ತಂದುಕೊಡುತ್ತೇನೆ."

ತಂದುಕೊಟ್ಟೆ. ಮರ್ಯಾದೆ ಉಳಿಯಿತೆಂದು ನಿಶ್ಚಿಂತನಾಗಿ ಊಟ ಮಾಡಿ ಮಲಗಿದೆ.

ಓದದೆ ಕೊಟ್ಟ ಪುಸ್ತಕ

ನಾನು ಆ ಕಾದಂಬರಿಯನ್ನು ಓದಿದ್ದು ವಿದ್ಯಾರ್ಥಿಯಾಗಿದ್ದಾಗ. ಇಪ್ಪತ್ತರ ಹರೆಯದವನ ನೆನಪಿನಲ್ಲಿ ಏನು ಉಳಿದೀತು? ದಾರಿ ತಪ್ಪಿದ ಪ್ರಯಾಣಿಕ, ಅವನಿಗೆ ಆಶ್ರಯವಿತ್ತ ಮುದುಕರು, ಅವರ ಮನೆಯ ಧಾರಾಳವಾದ ಆತಿಥ್ಯ, ಕಾಡಿನ ಮೃಗಗಳ ಹಾವಳಿ, ಇಷ್ಟೆ. ನಾಲ್ಕಾರು ದಿನಗಳ ತರುವಾಯ ಕಾಲೇಜಿನ ಗ್ರಂಥಾಲಯದಲ್ಲಿ ಅದರದೇ ಇನ್ನೊಂದು ಪ್ರತಿ ಕಣ್ಣಿಗೆ ಬಿತ್ತು. ರಾಯರು ಏನಾದರೂ ಕೇಳಿದರೆ ಉತ್ತರಿಸಲು ಬೇಕಲ್ಲ ಎಂದು ಮನೆಗೆ ತಂದು ಓದಲು ಕುಳಿತೆ.

ಅರ್ಧ ದಾರಿಗೆ ಬರುವಷ್ಟರಲ್ಲಿ ಎದೆ ಧಸಕ್ಕೆಂದಿತು. ೧೯೪೩ರಲ್ಲಿ ಪ್ರಕಟವಾದ ಆ ಕಾದಂಬರಿಯ ಜೀವಾಳ ಕಾಡೂ ಅಲ್ಲ, ಹುಲಿಯೂ ಅಲ್ಲ. ಬೆಟ್ಟದ ಮಡಿಲಿನಲ್ಲಿ ತೋಟ ಕಟ್ಟಿದ ಗೋಪಾಲಯ್ಯ, ಆತನ ಮಡದಿ ಶಂಕರಮ್ಮ, ಅವರನ್ನು ಬಿಟ್ಟು ದೂರ ಹೋದ ಮಗ. ಆ ಮಗನ ಸುದ್ದಿಗಾಗಿ ಹಂಬಲಿಸುವ ತಾಯಿ; ಹಂಬಲವನ್ನು ನಗೆಮಾತಿನ ಹಿಂದೆ ಬಚ್ಚಿಡುವ ತಂದೆ. ಇದು ಅದರ ಒಳಗಿನ ಕಥೆ. ಇಪ್ಪತ್ತರಲ್ಲಿ ನನಗದು ಕಂಡೇ ಇರಲಿಲ್ಲ.

ರಾಯರಿಗೆ ಒಬ್ಬನೇ ಮಗ. ಕೆನಡಾ ದೇಶಕ್ಕೆ ಹೋಗಿ ಒಂಬತ್ತು ವರ್ಷಗಳಾದುವು. ಕೊನೆಯ ಸಲ ಬಂದುದು ಮೂರು ವರ್ಷಗಳ ಹಿಂದೆ. ಹೋಗುವಾಗ ತಂದೆಗೂ ಮಗನಿಗೂ ಏನೋ ಮಾತು ಬೆಳೆದಿತ್ತೆಂದು ಕೇಳಿದ್ದೆ. ಅಂದಿನಿಂದ ದೂರವಾಣಿಯ ಕರೆ ತಾಯಿಗೆ ಬರುತ್ತದೆ, ತಂದೆಗೆ ಬರುವುದಿಲ್ಲ. ಮಗನ ವಿಚಾರವನ್ನು ಆ ಮನೆಯಲ್ಲಿ ಎತ್ತಬಾರದೆಂಬುದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ಅಂಥ ಮನೆಗೆ ನಾನು ಎಂಥ ಪುಸ್ತಕವನ್ನು ಕೊಟ್ಟಿದ್ದೆ! ವೈದ್ಯನಾದವನು ಚೀಟಿಯನ್ನು ನೋಡದೆ ಕೈಗೆ ಸಿಕ್ಕಿದ ಸೀಸೆಯನ್ನು ಎತ್ತಿಕೊಟ್ಟಂತಾಯಿತು.

ಮರುದಿನ ಬೆಳಗ್ಗೆಯೇ, ಪುಸ್ತಕವನ್ನು ಹೇಗಾದರೂ ಮರಳಿ ಪಡೆಯಬೇಕೆಂದು, ಕೈಯಲ್ಲಿ ಹಾಸ್ಯ ಲೇಖನಗಳ ಸಂಕಲನವೊಂದನ್ನು ಹಿಡಿದು ಹೋದೆ. ಅಮ್ಮ ಬಾಗಿಲು ತೆರೆದರು. ರಾಯರು ಸ್ನಾನಕ್ಕೆ ಹೋಗಿದ್ದರು. ಕುರ್ಚಿಯ ಮೇಲೆ ಪುಸ್ತಕ ಬೋರಲಾಗಿ ಬಿದ್ದಿತ್ತು. ಮುಕ್ಕಾಲು ಪಾಲು ಮುಗಿದಿತ್ತು.

"ಅಮ್ಮ, ಇದು ಬೇಡ. ಇನ್ನೊಂದು ತಂದಿದ್ದೇನೆ. ನಾನು ಸರಿಯಾಗಿ ನೋಡದೆ ಕೊಟ್ಟುಬಿಟ್ಟೆ," ಎಂದು ತಡವರಿಸಿದೆ.

ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಅನಂತರ ಮೆಲ್ಲಗೆ ತುಳುವಿನಲ್ಲಿ ಹೇಳಿದರು. ಅದರ ಸಾರ ಇಷ್ಟು: "ಅವರ ಕಣ್ಣಿಗೆ ಪೊರೆ ಬಂದಿದೆಯಲ್ಲ, ನಾನೇ ಓದಿ ಹೇಳುತ್ತಿದ್ದೇನೆ. ಮೂರು ವರ್ಷಗಳಿಂದ ಈ ಮನೆಯಲ್ಲಿ ಮಗನ ಹೆಸರನ್ನು ನಾವಿಬ್ಬರೂ ಎತ್ತಿದ್ದಿಲ್ಲ. ಈಗ ರಾತ್ರಿ ಗೋಪಾಲಯ್ಯನ ಮಗನ ವಿಚಾರ ಮಾತಾಡುತ್ತೇವೆ. ಮಾತಾಡುತ್ತ ಮಾತಾಡುತ್ತ ಅದು ಯಾರ ಮಗನ ವಿಚಾರ ಎಂಬುದು ಇಬ್ಬರಿಗೂ ಗೊತ್ತಾಗುತ್ತದೆ. ಪುಸ್ತಕವನ್ನು ಕೊಂಡೊಯ್ಯಬೇಡಿ."

ನಾನು ಹಾಸ್ಯ ಸಂಕಲನವನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದಿರುಗಿದೆ.

ಒಂದು ವಾರದ ಮೇಲೆ ರಾಯರೇ ಪುಸ್ತಕವನ್ನು ಹಿಂದಕ್ಕೆ ತಂದರು. ಹಳೆಯ ಪತ್ರಿಕೆಯ ಹಾಳೆಯಿಂದ ಅದಕ್ಕೊಂದು ರಕ್ಷಾಕವಚವನ್ನೂ ಹಾಕಿದ್ದರು. ಕಥೆಯ ಕುರಿತು ಒಂದು ಮಾತನ್ನೂ ಆಡಲಿಲ್ಲ. ಮೆಟ್ಟಲಿಳಿಯುವಾಗ ಮಾತ್ರ ತಿರುಗಿ ನಿಂತು, "ಮಾಷ್ಟ್ರೇ, ಒಳ್ಳೆಯ ಪುಸ್ತಕ. ಆದರೆ ಇನ್ನೊಂದು ಸಲ ಓದಿ ಕೊಡಿ," ಎಂದರು.

ಅವರಿಗೆ ಎಲ್ಲವೂ ಗೊತ್ತಾಗಿತ್ತು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಸಾಲದ ಅರ್ಜಿಗಳನ್ನು ನೋಡಿದವರಿಗೆ ಮುಖ ಓದುವುದು ಬಾರದೆ ಇದ್ದೀತೆ?

ಕೈಯಿಂದ ಕೈಗೆ

"ಓದಿ ಕೊಡಿ." ಆ ಎರಡು ಪದಗಳು ನನ್ನನ್ನು ಬಹಳ ದಿನ ಕಾಡಿದುವು. ಪುಸ್ತಕಕ್ಕೂ ಓದುಗನಿಗೂ ಸಂಬಂಧ ಬೆಳೆಸುವವರು ವಿಮರ್ಶಕರೆಂದು ನಾನು ತರಗತಿಯಲ್ಲಿ ಪಾಠ ಹೇಳುತ್ತ ಬಂದಿದ್ದೇನೆ. ನಿಜವಾಗಿ ನೋಡಿದರೆ ಕನ್ನಡದ ಪುಸ್ತಕ ಮನೆಮನೆಯನ್ನು ಹೊಕ್ಕುದು ಬಹುಮಟ್ಟಿಗೆ ಓದಿದವರೊಬ್ಬರು ಓದದವರೊಬ್ಬರಿಗೆ ಕೈಯಾರೆ ಕೊಟ್ಟುದರಿಂದ.

ನಮ್ಮ ಊರಿನಿಂದಲೇ ಹೊರಡೋಣ. ಬೋಳಾರದಿಂದ ಬಲ್ಮಠದ ಗುಡ್ಡಕ್ಕೆ ಮುಕ್ಕಾಲು ಗಂಟೆಯ ನಡಿಗೆ. ಅಲ್ಲಿ ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಅಚ್ಚುಕೂಟ ತೆರೆದರು. ಹರ್ಮನ್ ಮೊಗ್ಲಿಂಗರು ೧೮೪೩ರ ಜುಲೈ ೧ರಂದು ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಕಿಟ್ಟೆಲರ ಮಹಾಕೋಶ ೧೮೯೪ರಲ್ಲಿ ಅಚ್ಚಾದುದೂ ಇಲ್ಲಿಯೇ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ೧೮೯೯ರಲ್ಲಿ ಅಚ್ಚಾದುದೂ ಇಲ್ಲಿಯೇ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂಬ ಕೀರ್ತಿ ಅದರದು. ಬರೆದವರು ಪೋಲೀಸ್ ಇಲಾಖೆಯ ಅಧಿಕಾರಿ!

ಆದರೆ ಅಚ್ಚಾದ ಮಾತ್ರಕ್ಕೆ ಪುಸ್ತಕ ಓದುಗನನ್ನು ತಾನಾಗಿ ತಲಪುವುದಿಲ್ಲ. ಅದಕ್ಕೆ ಹೊರುವವರು ಬೇಕು. ಈ ಮಾತನ್ನು ಅಕ್ಷರಶಃ ನಡೆಸಿದವರು ಗಳಗನಾಥರು. ೧೮೬೯ರಲ್ಲಿ ಹುಟ್ಟಿ ೧೯೪೨ರಲ್ಲಿ ತೀರಿಕೊಂಡ ಆ ಹಿರಿಯರು ಶಾಲಾ ಅಧ್ಯಾಪಕರಾಗಿದ್ದವರು. ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ಗ್ರಂಥಗಳ ಹೊರೆಯನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದ ಜಿ.ಬಿ. ಜೋಶಿಯವರು ೧೯೩೩ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಚಂದಾದಾರರನ್ನು ಕೂಡಿಸಿ, ಅವರ ಮನೆಗೇ ಪುಸ್ತಕಗಳು ಹೋಗುವ ಏರ್ಪಾಡು ಮಾಡಿದರು. ಜಿ.ಪಿ. ರಾಜರತ್ನಂ ಅವರ ಹೆಗಲಿನ ಚೀಲದಲ್ಲಿ ಮಾರುವುದಕ್ಕೆ ಪುಸ್ತಕಗಳಿರುತ್ತಿದ್ದುವೆಂಬುದನ್ನು ಅವರ ಶಿಷ್ಯಪರಂಪರೆ ಇಂದಿಗೂ ನೆನೆಯುತ್ತದೆ. ಇವರೆಲ್ಲ ಪಂಡಿತರೇ, ಆದರೂ ಪುಸ್ತಕವನ್ನು ಹೊರುವುದು ಪಾಂಡಿತ್ಯಕ್ಕೆ ಕುಂದೆಂದು ಬಗೆದವರಲ್ಲ.

ಅನಂತರ ಮಾಸಪತ್ರಿಕೆ, ವಾರಪತ್ರಿಕೆಗಳು ಈ ಹೊರೆಯನ್ನು ಹೊತ್ತುವು. ಹುಬ್ಬಳ್ಳಿಯಿಂದ ೧೯೫೬ರಲ್ಲಿ ಹೊರಟ 'ಕಸ್ತೂರಿ' ಪ್ರತಿ ತಿಂಗಳೂ ಒಂದಿಡೀ ಪುಸ್ತಕದ ಸಂಗ್ರಹವನ್ನು ಕೊನೆಯಲ್ಲಿ ಕೊಡುತ್ತಿತ್ತು. ಉಡುಪಿಯ ಕಡೆಯವರಾದ ಪಾ.ವೆಂ. ಆಚಾರ್ಯರು ಅದನ್ನು ಬಹುಕಾಲ ನಡೆಸಿದರು. ಧಾರಾವಾಹಿಯ ಮುಂದಿನ ಕಂತಿಗಾಗಿ ಮನೆಯ ಹೆಂಗಸರೂ ಗಂಡಸರೂ ಸರದಿ ನಿಲ್ಲುತ್ತಿದ್ದ ಕಾಲವದು. ಪೇಟೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದಿನಕ್ಕೆ ಕೆಲವೇ ಪೈಸೆಗಳ ಬಾಡಿಗೆಗೆ ಕಾದಂಬರಿಗಳು ದೊರೆಯುತ್ತಿದ್ದುವು. ೧೯೬೩ರಲ್ಲಿ ಮೂವತ್ತೈದು ತುಂಬುವ ಮೊದಲೇ ತೀರಿಹೋದ ತ್ರಿವೇಣಿಯವರ ಕಾದಂಬರಿಗಳು ಎಷ್ಟು ಅಡಿಗೆಮನೆಗಳಲ್ಲಿ, ಎಷ್ಟು ಕೈಗಳಲ್ಲಿ ಸವೆದುವೋ ಲೆಕ್ಕವಿಟ್ಟವರಾರು? ಒಂದು ಪ್ರತಿ ಓದಿದವರು ಹತ್ತು ಮಂದಿಯಾದರೆ, ಆ ಹತ್ತು ಮಂದಿಯನ್ನು ಕರೆತಂದವರು ಅವರ ನೆರೆಮನೆಯವರು.

ಒಂದು ಸದಸ್ಯತ್ವದ ಬೆಲೆ

ಕೊಡುವವರು ಇಲ್ಲದಿದ್ದರೆ ಏನಾಗುತ್ತದೆ? ಸಾರಾ ಅಬೂಬಕ್ಕರ್ ಅವರ ಬದುಕನ್ನು ನೆನೆದಾಗ ನನಗೆ ಈ ಪ್ರಶ್ನೆ ಏಳುತ್ತದೆ. ಕಾಸರಗೋಡಿನಲ್ಲಿ ೧೯೩೬ರಲ್ಲಿ ಹುಟ್ಟಿದ ಅವರು, ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವುದೇ ಅಪರೂಪವಾಗಿದ್ದ ಸಮುದಾಯದಲ್ಲಿ ಕನ್ನಡ ಕಲಿತವರು. ಮುಂದೆ ಓದಬೇಕೆಂಬ ಆಸೆ ಇದ್ದರೂ ಅಂದಿನ ಕಟ್ಟುಪಾಡುಗಳು ಬಿಡಲಿಲ್ಲ. ಗ್ರಂಥಾಲಯವೊಂದರ ಸದಸ್ಯತ್ವ ಅವರಿಗೆ ದೊರೆತುದು ೧೯೬೩ರಲ್ಲಿ. ಅಂದರೆ ಇಪ್ಪತ್ತೇಳನೆಯ ವಯಸ್ಸಿನಲ್ಲಿ! ಎರಡು ದಶಕಗಳೊಳಗೆ ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಕನ್ನಡ ನಾಡನ್ನೇ ಬೆಚ್ಚಿಬೀಳಿಸಿತು. ಮಂಗಳೂರಿನಲ್ಲಿಯೇ ಬಾಳಿ ೨೦೨೩ರ ಜನವರಿಯಲ್ಲಿ ಅವರು ತೀರಿಕೊಂಡರು. ಆ ಸದಸ್ಯತ್ವ ಸಿಗದೇ ಹೋಗಿದ್ದರೆ? ಓದುವುದಕ್ಕೆ ಸಿಕ್ಕದ ಒಬ್ಬ ಹೆಣ್ಣುಮಗಳಿಂದ ನಾಡು ಎಷ್ಟನ್ನು ಕಳೆದುಕೊಳ್ಳಬಹುದೆಂಬುದನ್ನು ಲೆಕ್ಕ ಹಾಕುವ ಬಗೆಯೇ ಇಲ್ಲ.

ನನ್ನದೂ ಒಂದು ಋಣವಿದೆ. ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದಾಗ ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಮಂಗಳೂರಿನ ಅತ್ರಿ ಬುಕ್ ಸೆಂಟರಿಗೆ ಬರುತ್ತಿದ್ದೆ. ಜಿ.ಎನ್. ಅಶೋಕವರ್ಧನರು ೧೯೭೫ರಲ್ಲಿ ತೆರೆದ ಅಂಗಡಿಯದು, ೨೦೧೨ರಲ್ಲಿ ಮುಚ್ಚಿತು. ಜೇಬಿನಲ್ಲಿ ಹಣವಿರುತ್ತಿದ್ದುದು ಕಡಿಮೆ. ನಿಂತು ನೋಡುವುದೇ ಹೆಚ್ಚು. ಒಂದು ದಿನ ಪರಿಚಯವೇ ಇಲ್ಲದ ಗಿರಾಕಿಯೊಬ್ಬರು, ನನ್ನ ಪಕ್ಕದಲ್ಲಿ ನಿಂತಿದ್ದವರು, ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'ವನ್ನು ಕಪಾಟಿನಿಂದ ತೆಗೆದು, "ಇದನ್ನು ಓದಿದ್ದೀರಾ? ಇಲ್ಲವಾದರೆ ನೀವು ಪುಣ್ಯವಂತರು. ಮೊದಲ ಸಲ ಓದುವ ಸುಖ ನಿಮಗೆ ಇನ್ನೂ ಬಾಕಿ ಇದೆ," ಎಂದು ಕೈಯಲ್ಲಿಟ್ಟು ಹೊರಟುಹೋದರು. ಅವರು ಯಾರೆಂದು ಇಂದಿಗೂ ತಿಳಿಯದು. ಊಟದ ಹಣದಲ್ಲಿ ಕೊಂಡ ಆ ಪ್ರತಿ ಇಂದಿಗೂ ನನ್ನಲ್ಲಿದೆ.

ಭಾನುವಾರದ ಜಗಲಿ

ಇಷ್ಟೆಲ್ಲ ಯೋಚಿಸಿದವನು ಸುಮ್ಮನಿರಲಾದೀತೆ? ರಾಯರ ಜಗಲಿಯಲ್ಲಿ ಭಾನುವಾರ ಸಂಜೆ ಒಂದು ಗಂಟೆ ಕೂಡುವುದೆಂದು ನಾಲ್ಕು ಮನೆಗಳವರು ಗೊತ್ತುಮಾಡಿಕೊಂಡೆವು. ಅಧ್ಯಕ್ಷರಿಲ್ಲ, ವಂದನಾರ್ಪಣೆಯಿಲ್ಲ. ಅಮ್ಮ ಮಾಡುವ ಕಾಫಿ. ಒಂದೊಂದು ವಾರ ಒಂದೊಂದು ಮನೆಯಿಂದ ಹಲಸಿನ ಹಪ್ಪಳವೋ ಪತ್ರೊಡೆಯೋ. ಪ್ರತಿಯೊಬ್ಬರೂ ತಾವು ಈಚೆಗೆ ಓದಿದ ಒಂದು ಪುಸ್ತಕದ ವಿಚಾರ ಹೇಳಬೇಕು. ಅದನ್ನು ಅಲ್ಲಿರುವವರಲ್ಲಿ ಯಾರಿಗೆ ಕೊಡಬೇಕೆಂದು ತೋರುತ್ತದೆ, ಏಕೆ ಎಂಬುದನ್ನೂ ಹೇಳಬೇಕು. ಇದೊಂದೇ ನಿಯಮ.

ಎರಡು ತಿಂಗಳಲ್ಲಿ ಆ ಜಗಲಿಯಲ್ಲಿ ಕೈಬದಲಾದ ಕೆಲವು ಪುಸ್ತಕಗಳನ್ನು ವಾಚಕರಿಗೂ ಸೂಚಿಸುತ್ತೇನೆ.

ಮೊದಲನೆಯದು ರಾಯರದೇ ಆಯ್ಕೆ: ಡಿ.ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ'. ಎಂಟು ಸಂಪುಟಗಳೆಂದರೆ ಯಾರಿಗಾದರೂ ಅಂಜಿಕೆಯಾದೀತು. ರಾಯರ ಉಪಾಯ ಸುಲಭವಾದುದು: ರಾತ್ರಿಗೊಬ್ಬ ಮನುಷ್ಯನ ಚಿತ್ರ, ಅಷ್ಟೆ. ಸಾಹಿತಿಗಳು, ಗಾಯಕರು, ವೈದಿಕರು, ಅಧಿಕಾರಿಗಳು ಹೀಗೆ ಒಬ್ಬೊಬ್ಬರಾಗಿ ಮನೆಗೆ ಬಂದು ಮಾತಾಡಿಸಿ ಹೋಗುತ್ತಾರೆ. "ಮನೆಯಲ್ಲಿ ಇಬ್ಬರೇ ಇರುವವರಿಗೆ ಇದಕ್ಕಿಂತ ಒಳ್ಳೆಯ ನೆಂಟರು ಬೇಡ," ಎಂದರು.

ಮೂಲೆಮನೆಯ ಗೃಹಿಣಿಯೊಬ್ಬರು ಎರಡು ಪುಸ್ತಕಗಳನ್ನು ಜೊತೆಯಾಗಿ ಓದಿದ್ದರು: ಗುಲ್ವಾಡಿಯವರ 'ಇಂದಿರಾಬಾಯಿ' ಮತ್ತು ಎಂ.ಕೆ. ಇಂದಿರಾ ಅವರು ೧೯೭೬ರಲ್ಲಿ ಬರೆದ 'ಫಣಿಯಮ್ಮ'. ಎರಡರಲ್ಲಿಯೂ ಬಾಲವಿಧವೆಯೇ ನಾಯಕಿ. ಒಬ್ಬಳು ವಿದ್ಯೆ ಪಡೆದು ಮರುಮದುವೆಯಾಗುತ್ತಾಳೆ; ಇನ್ನೊಬ್ಬಳು ಮಲೆನಾಡಿನ ದೊಡ್ಡ ಸಂಸಾರದಲ್ಲಿ ವೈಧವ್ಯದಲ್ಲಿಯೇ ಮುಪ್ಪಾಗುತ್ತಾಳೆ. "ಒಂದು ಪುಸ್ತಕದಲ್ಲಿ ಹೇಗಾಗಬೇಕಿತ್ತೋ ಅದಿದೆ. ಇನ್ನೊಂದರಲ್ಲಿ ಹೇಗಾಯಿತೋ ಅದಿದೆ. ಎರಡನ್ನೂ ಓದಿದರೆ ಮಾತ್ರ ನಮ್ಮ ಅಜ್ಜಿಯಂದಿರು ಅರ್ಥವಾಗುತ್ತಾರೆ," ಎಂದು ಅವರು ಹೇಳಿದಾಗ ನಾನು ಮನಸ್ಸಿನಲ್ಲಿಯೇ ನಾಚಿದೆ. ಇವೆರಡನ್ನೂ ಎಷ್ಟೋ ವರ್ಷಗಳಿಂದ ಬಲ್ಲ ನನಗೆ ಈ ಮಾತು ಹೊಳೆದಿರಲಿಲ್ಲ. ಪುಸ್ತಕಗಳನ್ನು ಅವರು ತಮ್ಮ ಕಾಲೇಜು ಓದುವ ಮಗಳಿಗೆ ಕೊಟ್ಟರು. ಮಗಳು 'ಚಂದ್ರಗಿರಿಯ ತೀರದಲ್ಲಿ'ಯನ್ನು ತಾಯಿಗೆ ಕೊಟ್ಟಳು. ಸಾಲ ತೀರಿತು.

ಎಂಟನೆಯ ತರಗತಿಯ ಹುಡುಗನೊಬ್ಬನನ್ನು ಅವನ ತಂದೆ ಬಲವಂತದಿಂದ ಎಳೆತಂದಿದ್ದರು. ಮೂರು ವಾರ ಅವನು ಹಪ್ಪಳ ತಿಂದದ್ದಲ್ಲದೆ ಬಾಯಿ ತೆರೆಯಲಿಲ್ಲ. ನಾಲ್ಕನೆಯ ವಾರ ನನ್ನ ಹಳೆಯ 'ಕರ್ವಾಲೊ'ವನ್ನು ಅವನ ಕೈಯಲ್ಲಿಟ್ಟೆ. ಒಳ್ಳೆಯ ಪುಸ್ತಕ, ಬುದ್ಧಿ ಬರುತ್ತದೆ ಎಂಬ ಮಾತೊಂದನ್ನೂ ಆಡದೆ, "ಇದರಲ್ಲಿ ಹಾರುವ ಓತಿ ಒಂದಿದೆ. ಸಿಕ್ಕಿತೋ ಇಲ್ಲವೋ ನೋಡಿ ಹೇಳು," ಎಂದೆ. ಮುಂದಿನ ಭಾನುವಾರ ಅವನೇ ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದ.

೨೦೨೫ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನದ ಮೂಲಕ, ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದುದು ಎಲ್ಲರಿಗೂ ತಿಳಿದಿದೆ. ನಮ್ಮ ಕೂಟದಲ್ಲಿ ಇಬ್ಬರು ಅವರ ಪುಸ್ತಕವನ್ನು ಕೊಂಡಿದ್ದರು, ಇಬ್ಬರೂ ತೆರೆದಿರಲಿಲ್ಲ! ಪ್ರಶಸ್ತಿಯೂ ಒಂದು ಶಿಫಾರಸೇ; ಆದರೆ ಅದು ದೂರದವರು ಮಾಡಿದ ಶಿಫಾರಸು. ಪುಸ್ತಕವನ್ನು ಅಂಗಡಿಯಿಂದ ಮನೆಯ ಕಪಾಟಿನವರೆಗೆ ತರುವ ಶಕ್ತಿ ಅದಕ್ಕಿದೆ. ಕಪಾಟಿನಿಂದ ಕೈಗೆ ಬರಬೇಕಾದರೆ ನೆರೆಮನೆಯವರೊಬ್ಬರು, "ಅದರಲ್ಲಿನ ಒಂದು ಕಥೆ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ," ಎನ್ನಬೇಕಾಗುತ್ತದೆ. ಹಾಗೆಂದವರು ಒಬ್ಬರು ದೊರೆತರು. ಎರಡೂ ಪ್ರತಿಗಳು ತೆರೆದುವು.

ಮೊಬೈಲನ್ನು ದೂರುವುದು ಇಂಥ ಲೇಖನಗಳ ವಾಡಿಕೆ. ನನಗೆ ಆ ಧೈರ್ಯವಿಲ್ಲ. ನಮ್ಮ ಕೂಟದ ಒಬ್ಬ ತಾಯಿ ಅಡಿಗೆ ಮಾಡುತ್ತ ಅದರಲ್ಲಿಯೇ ಕಥೆ ಕೇಳುತ್ತಾರೆ. ಹಿಂದೆ ಮಳೆಗಾಲದ ರಾತ್ರಿ ಅಜ್ಜ ಜೈಮಿನಿ ಭಾರತವನ್ನು ಓದುವಾಗ ಹಲಸಿನ ಬೀಜ ಸುಲಿಯುತ್ತ ಕೇಳುತ್ತಿದ್ದ ಹೆಂಗಸರನ್ನು ಓದುಗರಲ್ಲವೆಂದು ಹೇಳುವೆವೆ? ಕೇಡಿರುವುದು ಗಾಜಿನ ಮೇಲೆ ಹೆಬ್ಬೆರಳಾಡಿಸಿ, ಯಾವುದನ್ನೂ ಓದದೆ, ಎಲ್ಲವನ್ನೂ ಓದಿದೆನೆಂದು ಭ್ರಮಿಸಿದ ನನ್ನಂಥವರಲ್ಲಿ.

ಅನುಭವದಿಂದ ಕಲಿತ ನಾಲ್ಕು ಮಾತು

ಹೀಗೊಂದು ಕೂಟವನ್ನು ತಮ್ಮ ಮನೆಯಲ್ಲಿ ನಡೆಸಬೇಕೆನ್ನುವವರಿಗೆ ನಾಲ್ಕು ಮಾತು ಹೇಳಬಹುದು. ಎಲ್ಲವೂ ನಾನು ತಪ್ಪಿ ನಡೆದು ಕಲಿತವು.

ಓದದ ಪುಸ್ತಕವನ್ನು ಸೂಚಿಸಬೇಡಿ. ಹತ್ತು ವರ್ಷಗಳ ಹಿಂದೆ ಓದಿದ್ದಾದರೆ ಇನ್ನೊಮ್ಮೆ ಓದಿ. ಪುಸ್ತಕ ಬದಲಾಗಿರುವುದಿಲ್ಲ, ನೀವು ಬದಲಾಗಿರುತ್ತೀರಿ.

ಪುಸ್ತಕವನ್ನು ಬಲ್ಲರೆ ಸಾಲದು, ಕೊಡುವ ಮನೆಯನ್ನೂ ಬಲ್ಲವರಾಗಿರಬೇಕು. ಹಾಗೆಂದು ನೋವಿರುವ ಮನೆಗೆ ನೋವಿನ ಕಥೆಯನ್ನು ಕೊಡಲೇಬಾರದೆಂದಲ್ಲ. ಅರಿತು ಕೊಡಬೇಕು, ಕೊಟ್ಟ ಮೇಲೆ ಒಂದೆರಡು ಸಲ ಆ ಕಡೆ ಹೋಗಿಬರಬೇಕು.

ಕೊಟ್ಟ ಮೇಲೆ ಪರೀಕ್ಷೆ ಮಾಡಬೇಡಿ. "ಹೇಗಿತ್ತು? ಎಲ್ಲಿಗೆ ಬಂದಿರಿ?" ಎಂದು ದಿನವೂ ಕೇಳಿದರೆ ಓದು ಪಾಠವಾಗುತ್ತದೆ. ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕು ಎಲ್ಲರಿಗೂ ಇದೆ. ಆದರೆ ಮರಳಿಸದಿರುವ ಹಕ್ಕು ಯಾರಿಗೂ ಇಲ್ಲ! ನಮ್ಮಲ್ಲಿ ಒಂದು ನೂರು ಪುಟದ ನೋಟು ಪುಸ್ತಕವಿದೆ. ಯಾರ ಪುಸ್ತಕ ಯಾರಲ್ಲಿದೆಯೆಂದು ರಾಯರು ಬ್ಯಾಂಕಿನ ಶಿಸ್ತಿನಿಂದ ಅಮ್ಮನ ಕೈಯಲ್ಲಿ ಬರೆಸಿಡುತ್ತಾರೆ.

ಎಲ್ಲವನ್ನೂ ಕೊಳ್ಳಲಾಗದು. ಆದುದರಿಂದ ಸಾರ್ವಜನಿಕ ಗ್ರಂಥಾಲಯದ ಮೆಟ್ಟಲು ಹತ್ತಿ. ನಮ್ಮ ರಾಜ್ಯದಲ್ಲಿ ೧೯೬೫ರಲ್ಲಿಯೇ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಆಯಿತು. ನಾವು ಕಟ್ಟುವ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವೂ ಸೇರಿದೆ. ಹಣವನ್ನು ಕೊಟ್ಟು ಸರಕನ್ನು ಅಂಗಡಿಯಲ್ಲಿಯೇ ಬಿಟ್ಟುಬರುವ ಗಿರಾಕಿಯನ್ನು ಯಾರಾದರೂ ಜಾಣನೆಂದಾರೆಯೆ?

ಒಂದು ರಸೀತಿ

ಮಳೆ ಬಿಟ್ಟಿತು. ನವರಾತ್ರಿ ಬಂದು ಮಂಗಳಾದೇವಿಯ ರಥವೂ ಎಳೆದಾಯಿತು. ಅದಾದ ಮರುವಾರ ಅಮ್ಮ ನನ್ನನ್ನು ಗೇಟಿನ ಬಳಿ ಕರೆದು, "ಮಾಷ್ಟ್ರೇ, ಆ 'ಬೆಟ್ಟದ ಜೀವ' ಅಂಗಡಿಯಲ್ಲಿ ಹೊಸತು ಸಿಗುತ್ತದಾ? ಒಂದು ಬೇಕಿತ್ತು. ಕೆನಡಕ್ಕೆ ಅಂಚೆಯಲ್ಲಿ ಕಳುಹಿಸಬೇಕು," ಎಂದರು.

ಮಗ ದೂರವಾಣಿಯಲ್ಲಿ, "ನೀವಿಬ್ಬರೂ ಹೊತ್ತು ಹೇಗೆ ಕಳೆಯುತ್ತೀರಿ?" ಎಂದು ಕೇಳಿದನಂತೆ. ಪುಸ್ತಕ ಓದುತ್ತೇವೆಂದು ಅವರು ಹೇಳಿದರಂತೆ. "ಯಾವ ಪುಸ್ತಕ?" ಎಂದು ಅವನು ಕೇಳಿದಾಗ, ಪಕ್ಕದಲ್ಲಿ ಕುಳಿತಿದ್ದ ರಾಯರು, ಮೂರು ವರ್ಷಗಳಲ್ಲಿ ಮೊದಲ ಬಾರಿಗೆ, "ಕಳುಹಿಸುತ್ತೇವೆಂದು ಹೇಳು," ಎಂದರಂತೆ. ಮಗನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ನಾನೇ ಕೊಂಡುತಂದೆ. ಕಟ್ಟುವ ಮೊದಲು ರಾಯರು ಅದನ್ನು ಕೈಗೆ ತೆಗೆದುಕೊಂಡು, ಮೊದಲ ಪುಟದಲ್ಲಿ ಏನೋ ಬರೆಯಹೋಗಿ, ಬರೆಯದೆ, ದಿನಾಂಕವನ್ನಷ್ಟೇ ಹಾಕಿ ನನ್ನ ಕೈಗಿತ್ತರು. ಅಂಚೆಯ ರಸೀತಿ ಅವರ ನೋಟು ಪುಸ್ತಕದಲ್ಲಿ, 'ಕೊಟ್ಟದ್ದು' ಎಂಬ ಅಂಕಣದ ಎದುರು ಅಂಟಿಸಲ್ಪಟ್ಟಿದೆ. ಎದುರಿನ 'ಮರಳಿದ್ದು' ಎಂಬ ಅಂಕಣ ಸದ್ಯಕ್ಕೆ ಖಾಲಿ.

ಅವನು ಓದುವನೋ ಬಿಡುವನೋ ನಾನರಿಯೆ. ಆದರೆ ಭಾನುವಾರ ಸಂಜೆ ಜಗಲಿಯಲ್ಲಿ ಕುಳಿತಾಗ ರಾಯರ ದೃಷ್ಟಿ ಆಗಾಗ ಬೀದಿಯ ತಿರುವಿನತ್ತ ಹೊರಳುವುದನ್ನು ಈಗ ನಾವು ಯಾರೂ ಕಾಣದಂತೆ ನಟಿಸುವುದಿಲ್ಲ.

ಇನ್ನು ವಾಚಕ ಮಹಾಶಯರ ಸರದಿ. ನೀವು ಈಚೆಗೆ ಏನು ಓದಿದಿರಿ? ಯಾರಿಗೆ ಕೊಟ್ಟಿರಿ?